ಭಟ್ಟರಿದ್ದಾರೆ, ಅಕ್ಕಿ ಇಲ್ಲ

ಥಾಣೆ ಜಿಲ್ಲೆಯಲ್ಲಿ ವಿದ್ಯುತ್ ತಜ್ಞರಾಗಲು ಯಾವ ಪದವಿಯೂ ಬೇಡ. ಮೇ ತಿಂಗಳ ರಾತ್ರಿ ಹತ್ತೂವರೆಗೆ ಫ್ಯಾನು ನಿಂತರೆ ಸಾಕು. ಡೊಂಬಿವಲಿಯ ಯಾವುದೇ ಸೊಸೈಟಿಯ ಗೇಟಿನ ಮುಂದೆ ಐದೇ ನಿಮಿಷದಲ್ಲಿ ಉನ್ನತ ಮಟ್ಟದ ಸಮಿತಿ ಕೂಡುತ್ತದೆ. ಒಬ್ಬರ ಪ್ರಕಾರ ಟ್ರಾನ್ಸ್‌ಫಾರ್ಮರ್ ಹಾರಿದೆ. ಇನ್ನೊಬ್ಬರ ಪ್ರಕಾರ ಕೇಬಲ್ ಸುಟ್ಟಿದೆ. ಮೂರನೆಯವರಿಗೆ ಇದರಲ್ಲಿ ಬಿಲ್ಡರ್‌ನ ಕೈ ಕಾಣುತ್ತದೆ, ನಾಲ್ಕನೆಯವರಿಗೆ ಚೀನಾದ ಕೈ. ಐದನೆಯವರು ಏನೂ ಮಾತಾಡುವುದಿಲ್ಲ. ಎದುರಿನ ಕಟ್ಟಡದಲ್ಲಿ ದೀಪ ಇದೆಯೇ ಎಂದು ಕತ್ತು ಚಾಚಿ ನೋಡುತ್ತಾರೆ. ಅಲ್ಲೂ ಇಲ್ಲವೆಂದು ಖಾತ್ರಿಯಾದ ಮೇಲೆ ನೆಮ್ಮದಿಯಿಂದ ಮೆಟ್ಟಿಲು ಹತ್ತಿ ಮನೆಗೆ ಹೋಗುತ್ತಾರೆ.

ಈ ಸಮಿತಿಯ ಯಾವ ವರದಿಯಲ್ಲೂ ಉರಣ್‌ನ ಹೆಸರು ಬಂದದ್ದನ್ನು ನಾನು ಕೇಳಿಲ್ಲ.

ಉರಣ್ ಎಲ್ಲಿದೆ ಎಂದು ಎಲ್ಲರಿಗೂ ಗೊತ್ತು. ನೆರೂಳಿನಿಂದಲೋ ಬೇಲಾಪುರದಿಂದಲೋ ಲೋಕಲ್ ಹತ್ತಿದರೆ ಕೊನೆಯ ಸ್ಟೇಷನ್. 2024ರ ಜನವರಿಯಲ್ಲಿ ಆ ರೈಲು ಪೂರ್ತಿ ಓಡತೊಡಗಿದ ಮೇಲೆ ಭಾನುವಾರ ಸಮುದ್ರ ನೋಡಲು, ಮೀನು ಊಟ ಮಾಡಲು ನಮ್ಮವರು ಅಲ್ಲಿಗೆ ಹೋಗಿಬರುತ್ತಾರೆ. ಅದೇ ಊರಿನ ಪಕ್ಕದ ಬೋಕಡವಿರಾದಲ್ಲಿ 1982ರಷ್ಟು ಹಿಂದೆಯೇ ಮಹಾರಾಷ್ಟ್ರ ರಾಜ್ಯ ವಿದ್ಯುತ್ ಮಂಡಳಿ ಅನಿಲದಿಂದ ಕರೆಂಟು ತೆಗೆಯುವ ಸ್ಥಾವರ ಶುರುಮಾಡಿತ್ತು. ಈಗ ಅದು ರಾಜ್ಯದ ಉತ್ಪಾದನಾ ಕಂಪನಿ ಮಹಾಜೆನ್‌ಕೋ ಕೈಯಲ್ಲಿದೆ. ಕಾಗದದ ಮೇಲೆ ಸಾಮರ್ಥ್ಯ 672 ಮೆಗಾವಾಟ್. ಸಮುದ್ರದೊಳಗಿನ ಮುಂಬಯಿ ಹೈನಲ್ಲಿ 1974ರಲ್ಲಿ ಎಣ್ಣೆ ಸಿಕ್ಕಿತು, 1976ರಲ್ಲಿ ಮೇಲೆ ಬರತೊಡಗಿತು. ಎಣ್ಣೆಯ ಜೊತೆ ಬಂದ ಅನಿಲ ದಡ ಹತ್ತುವುದು ಈ ಉರಣ್‌ನಲ್ಲೇ. ಅನಿಲ ಇಲ್ಲಿ, ಯಂತ್ರ ಇಲ್ಲಿ, ಕರೆಂಟು ನುಂಗುವ ಥಾಣೆ, ಕಲ್ಯಾಣ್, ನವಿ ಮುಂಬಯಿಗಳೂ ಇಲ್ಲೇ ಬಗಲಲ್ಲಿ. ಚಂದ್ರಪುರದ ಕಲ್ಲಿದ್ದಲ ಕರೆಂಟಿನ ಹಾಗೆ ರಾಜ್ಯದ ಆ ತುದಿಯಿಂದ ಈ ತುದಿಗೆ ತಂತಿಯ ಮೇಲೆ ನಡೆದು ಬರಬೇಕಾದ ಪ್ರಾರಬ್ಧ ಇದಕ್ಕಿಲ್ಲ.

ಕೊರತೆ ಒಂದೇ. ಎಲ್ಲ ಯಂತ್ರಗಳನ್ನೂ ಒಟ್ಟಿಗೆ ತಿರುಗಿಸುವಷ್ಟು ಅನಿಲ ಉರಣ್‌ಗೆ ಸಿಗುವುದಿಲ್ಲ. ವರ್ಷಗಳಿಂದ ಅದು ಅರ್ಧ ಹೊಟ್ಟೆಯಲ್ಲೇ ದುಡಿಯುತ್ತಿದೆ. ವಿಸ್ತರಣೆ ಮಾಡುತ್ತೇವೆ, ಇನ್ನೂ ದೊಡ್ಡದು ಮಾಡುತ್ತೇವೆ ಎಂಬ ಯೋಜನೆಗಳು ನಡುನಡುವೆ ಬಂದವು, ಫೈಲಿನಲ್ಲೇ ಮಲಗಿದವು. ಇದ್ದ ಹೊಟ್ಟೆಗೇ ಅನ್ನವಿಲ್ಲ, ಇನ್ನೊಂದು ಹೊಟ್ಟೆ ಕಟ್ಟಿಸಿ ಏನು ಮಾಡುವುದು ಎಂದು ಯಾರಿಗೋ ಸಕಾಲದಲ್ಲಿ ಹೊಳೆದಿರಬೇಕು. ಸರ್ಕಾರಿ ಕಚೇರಿಯಲ್ಲಿ ಇಂಥ ಹೊಳಹು ಅಪರೂಪ, ಆದ್ದರಿಂದ ಒಂದು ನಮಸ್ಕಾರ.

ವಾಶಿಯಲ್ಲಿ ಹೋಟೆಲು ನಡೆಸುವ ಕುಂದಾಪುರದ ಕಡೆಯ ಶೆಟ್ಟರಿಗೆ ಒಂದು ಸಂಜೆ ಈ ಇಡೀ ಅನಿಲ ವ್ಯವಹಾರವನ್ನು ವಿವರಿಸಿದೆ. ದೇಶದಲ್ಲಿ ಒಂದು ಕಾಲಕ್ಕೆ ಸುಮಾರು 25,000 ಮೆಗಾವಾಟ್ ಅನಿಲ ಸ್ಥಾವರ ಎದ್ದು ನಿಂತದ್ದು, ಅದರಲ್ಲಿ 14,305 ಮೆಗಾವಾಟ್‌ಗೆ ದೇಶೀ ಅನಿಲದ ಪೂರೈಕೆಯೇ ಇಲ್ಲವೆಂದು ಸಂಸತ್ತಿನ ಇಂಧನ ಸ್ಥಾಯಿ ಸಮಿತಿ 2019ರಲ್ಲಿ ಬರೆದದ್ದು, ದೇಶದ ಒಟ್ಟು ಕರೆಂಟಿನಲ್ಲಿ ಅನಿಲದ ಪಾಲು ಶೇಕಡಾ ಎರಡರ ಆಸುಪಾಸಿಗೆ ಇಳಿದದ್ದು, ಎಲ್ಲ ಹೇಳಿದೆ. ಶೆಟ್ಟರು ಕ್ಯಾಶ್ ಕೌಂಟರಿನಲ್ಲಿ ಚಿಲ್ಲರೆ ಎಣಿಸುತ್ತಲೇ ಕೇಳಿಸಿಕೊಂಡರು.

"ಅಂದ್ರೆ ಭಟ್ರಿದ್ದಾರೆ, ಅಕ್ಕಿ ಇಲ್ಲ ಅಂತಾಯ್ತು."

"ಹೌದು ಶೆಟ್ರೆ."

"ಭಟ್ರಿಗೆ ಸಂಬಳ?"

"ಕೆಲವು ಭಟ್ರಿಗೆ ತಿಂಗಳು ತಿಂಗಳು ಲೆಕ್ಕ ಬರೆದಾಗ್ತದೆ. ಅಡುಗೆ ಮಾಡಿದ್ರೂ, ಮಾಡದಿದ್ರೂ."

"ಊಟಕ್ಕೆ ಬಂದ ಗಿರಾಕಿಗೆ?"

"ಪಕ್ಕದ ಹೋಟೆಲಿಂದ ತರಿಸಿ ಬಡಿಸ್ತಾರೆ."

"ಬಿಲ್ಲು?"

"ಎರಡೂ ಹೋಟೆಲಿನದ್ದು ಗಿರಾಕಿಗೇ."

ಶೆಟ್ಟರು ಚಿಲ್ಲರೆ ಎಣಿಸುವುದನ್ನು ನಿಲ್ಲಿಸಿದರು. "ಇಂಥ ಹೋಟೆಲಿಗೆ ಲೈಸೆನ್ಸ್ ಕೊಟ್ಟವ್ರು ಯಾರು ಮಾರಾಯ್ರೆ?"

ಲೈಸೆನ್ಸಿನ ಕಥೆ ದೊಡ್ಡದು. ಅದಕ್ಕೆ ಉರಣ್ ಬಿಟ್ಟು ಕೊಂಕಣದ ದಕ್ಷಿಣಕ್ಕೆ, ರತ್ನಾಗಿರಿ ಜಿಲ್ಲೆಯ ಗುಹಾಗರ್ ಕಡೆಗೆ ಹೋಗಬೇಕು. ಅಲ್ಲಿದೆ ದಾಭೋಳ್ ಸ್ಥಾವರ.

1992ರ ಜೂನ್‌ನಲ್ಲಿ ಅಮೆರಿಕದ ಎನ್ರಾನ್ ಕಂಪನಿಯವರು ಮುಂಬಯಿಗೆ ಬಂದಿಳಿದರು. ಕೆಲವೇ ದಿನಗಳಲ್ಲಿ ತಿಳಿವಳಿಕೆ ಪತ್ರಕ್ಕೆ ಸಹಿ ಬಿತ್ತು. ಕಲ್ಯಾಣದಲ್ಲಿ ರೇಷನ್ ಕಾರ್ಡಿನ ವಿಳಾಸ ಬದಲಿಸಲು ಹಿಡಿಯುವ ಕಾಲಕ್ಕಿಂತ ಇದು ಬಹಳ ಕಡಿಮೆ. ಈ ಯೋಜನೆ ತೀರಾ ದೊಡ್ಡದು, ಕಲ್ಲಿದ್ದಲಿಗಿಂತ ದುಬಾರಿ, ಮಹಾರಾಷ್ಟ್ರಕ್ಕೆ ಗಿಟ್ಟುವುದಿಲ್ಲ ಎಂದು 1993ರಲ್ಲಿ ವಿಶ್ವಬ್ಯಾಂಕೇ ಹೇಳಿತು. ವಿಶ್ವಬ್ಯಾಂಕು ಸಾಲ ಕೊಡುತ್ತೇನೆಂದಾಗ ಅದರ ಮಾತು ವೇದವಾಕ್ಯ. ಬೇಡವೆಂದಾಗ ಅದಕ್ಕೆ ಭಾರತ ಅರ್ಥವಾಗಿಲ್ಲ. ಅದೇ ವರ್ಷ ಡಿಸೆಂಬರಿನಲ್ಲಿ ಖರೀದಿ ಒಪ್ಪಂದ ಆಯಿತು. ಭಾರತೀಯರಿಗೆ 'ಶಿಕ್ಷಣ' ಕೊಡುವುದೂ ಸೇರಿದಂತೆ ಯೋಜನೆಯ ತಯಾರಿಗೆ ಎರಡು ಕೋಟಿ ಡಾಲರ್ ಖರ್ಚಾಗಿದೆ ಎಂದು ಕಂಪನಿಯ ಅಧಿಕಾರಿಯೊಬ್ಬರು ಮುಂದೆ ಅಮೆರಿಕದ ಸಂಸತ್ ಸಮಿತಿಯೆದುರು ಹೇಳಿದರು. ಆ ಶಾಲೆಯಲ್ಲಿ ಯಾರು ಯಾರು ಓದಿದರು, ಯಾರಿಗೆ ಯಾವ ದರ್ಜೆ ಬಂತು ಎಂಬ ಪಟ್ಟಿ ಮಾತ್ರ ನೋಟಿಸ್ ಬೋರ್ಡಿಗೆ ಬರಲಿಲ್ಲ.

1995ರ ಚುನಾವಣೆಯಲ್ಲಿ, ಆಗ ವಿರೋಧ ಪಕ್ಷದಲ್ಲಿದ್ದ ಗೋಪಿನಾಥ ಮುಂಡೆಯವರು ಎನ್ರಾನನ್ನು ಅರಬ್ಬೀ ಸಮುದ್ರಕ್ಕೆ ಎಸೆಯುತ್ತೇವೆ ಎಂದರು. ಗೆದ್ದರು. ಆಗಸ್ಟ್‌ನಲ್ಲಿ ಮನೋಹರ ಜೋಶಿ ಸರ್ಕಾರ ಒಪ್ಪಂದ ರದ್ದುಮಾಡಿತು. ವರ್ಷ ತುಂಬುವುದರೊಳಗೆ ಸಮುದ್ರದಿಂದ ಎತ್ತಿ, ಒರೆಸಿ, ಇನ್ನಷ್ಟು ದೊಡ್ಡದು ಮಾಡಿ ಮತ್ತೆ ಸಹಿ ಹಾಕಿತು. ದಿಲ್ಲಿಯಲ್ಲಿ 1996ರ ಮೇ ತಿಂಗಳ ಹದಿಮೂರು ದಿನಗಳ ಸರ್ಕಾರ ರಾಜೀನಾಮೆಗೆ ಹೊರಡುವ ಮುನ್ನ ಮರೆಯದೆ ಮಾಡಿ ಹೋದ ಕೆಲಸಗಳಲ್ಲಿ ರಾಜ್ಯ ಬಾಕಿ ಕೊಡದಿದ್ದರೆ ಕೇಂದ್ರ ಕೊಡುತ್ತದೆಂಬ ಎನ್ರಾನ್‌ನ ಪ್ರತಿಖಾತರಿಗೆ ಒಪ್ಪಿಗೆಯೂ ಒಂದು. ಈ ವಿಷಯದಲ್ಲಿ ಮಾತ್ರ ನಮ್ಮಲ್ಲಿ ಪಕ್ಷಭೇದ ಇರಲಿಲ್ಲ ಎಂಬುದನ್ನು ಇತಿಹಾಸ ಕೃತಜ್ಞತೆಯಿಂದ ಬರೆದಿಟ್ಟುಕೊಳ್ಳಬೇಕು.

1999ರ ಮೇನಲ್ಲಿ 740 ಮೆಗಾವಾಟ್‌ನ ಮೊದಲ ಹಂತ ಶುರುವಾಯಿತು. ದೇಶದ ಅತಿ ಪ್ರಸಿದ್ಧ ಅನಿಲ ವಿದ್ಯುತ್ ಸ್ಥಾವರ ಓಡಿದ್ದು ನಾಫ್ತಾ ಎಂಬ ಎಣ್ಣೆಯಿಂದ. ವಿದೇಶದಿಂದ ದ್ರವರೂಪದ ಅನಿಲವನ್ನು ಹಡಗಿನಲ್ಲಿ ತಂದು ಇಳಿಸಬೇಕಾದ ಕಟ್ಟೆ ಇನ್ನೂ ಮುಗಿದಿರಲಿಲ್ಲ. ಎನ್ರಾನ್ ಇದ್ದಷ್ಟು ದಿನವೂ ಆ ಕಟ್ಟೆಗೆ ಅನಿಲದ ಹಡಗು ಬರಲಿಲ್ಲ. ಯೂನಿಟ್ ದರ ಕೆಲವು ತಿಂಗಳು ಏಳು ರೂಪಾಯಿ ದಾಟಿತು. 2001ರ ಮೇನಲ್ಲಿ ವಿದ್ಯುತ್ ಮಂಡಳಿ ಕೊಳ್ಳುವುದನ್ನು ನಿಲ್ಲಿಸಿತು, ಸ್ಥಾವರ ಬಾಗಿಲು ಹಾಕಿತು. ಡಿಸೆಂಬರ್ 2ರಂದು ಎನ್ರಾನ್ ಅಮೆರಿಕದಲ್ಲಿ ದಿವಾಳಿ ಅರ್ಜಿ ಹಾಕಿತು. ನಮಗೆ ಶಿಕ್ಷಣ ಕೊಟ್ಟವರಿಗೆ ಲೆಕ್ಕ ಬರುತ್ತಿರಲಿಲ್ಲ ಎಂದು ಆಮೇಲೆ ಗೊತ್ತಾಯಿತು.

ದಾಭೋಳ್ ನಾಲ್ಕು ವರ್ಷ ತುಕ್ಕು ಹಿಡಿಯಿತು. ಅದೇ ವರ್ಷಗಳಲ್ಲಿ ಡೊಂಬಿವಲಿ, ಕಲ್ಯಾಣದವರು ಭಾರನಿಯಮನದ, ಅಂದರೆ ಲೋಡ್ ಶೆಡ್ಡಿಂಗಿನ, ವೇಳಾಪಟ್ಟಿಯನ್ನು ಪಂಚಾಂಗದ ಪಕ್ಕ ಮೊಳೆ ಹೊಡೆದು ತೂಗುಹಾಕಿದ್ದರು. ಎಷ್ಟು ಗಂಟೆಗೆ ಮಿಕ್ಸಿ ತಿರುಗಿಸಬೇಕು, ಎಷ್ಟು ಗಂಟೆಗೆ ಟ್ಯಾಂಕಿಗೆ ನೀರು ಏರಿಸಬೇಕು ಎಂಬುದನ್ನು ರಾಹುಕಾಲಕ್ಕಿಂತ ನಿಷ್ಠೆಯಿಂದ ಪಾಲಿಸಿದ ತಲೆಮಾರು ಅದು.

2005ರ ಜುಲೈನಲ್ಲಿ ಎನ್‌ಟಿಪಿಸಿ, ಗೇಲ್ ಮೊದಲಾದವರು ಸೇರಿ ರತ್ನಾಗಿರಿ ಗ್ಯಾಸ್ ಅಂಡ್ ಪವರ್ ಎಂಬ ಹೊಸ ಕಂಪನಿ ಕಟ್ಟಿದರು. 1,967 ಮೆಗಾವಾಟ್. 2009ರಲ್ಲಿ ಆಂಧ್ರದ ಕರಾವಳಿಯ ಕೃಷ್ಣಾ ಗೋದಾವರಿ ಕಣಿವೆಯಿಂದ, ಡಿ6 ನಿಕ್ಷೇಪದಿಂದ, ಅನಿಲ ಬರತೊಡಗಿತು. ದಿನಕ್ಕೆ ಎಂಟು ಕೋಟಿ ಘನಮೀಟರ್ ಬರುತ್ತದೆಂದು ಹೇಳಿದ್ದರು. ಆ ಮಾತು ನಂಬಿ ದೇಶದ ತುಂಬ ಅನಿಲ ಸ್ಥಾವರಗಳು ಎದ್ದವು. ಬ್ಯಾಂಕುಗಳು ಸಾಲ ಕೊಟ್ಟವು. ಅಷ್ಟು ಅನಿಲ ಬರಲೇ ಇಲ್ಲ. ಬಂದದ್ದೂ ಎರಡು ಮೂರು ವರ್ಷಗಳಲ್ಲಿ ಕುಸಿಯಿತು. ನೆಲದಡಿಯಲ್ಲಿ ಎಷ್ಟಿದೆ ಎಂದು ನೆಲಕ್ಕಿಂತ ಷೇರು ಮಾರುಕಟ್ಟೆಗೆ ಮೊದಲು ಗೊತ್ತಿತ್ತು.

ಇಲ್ಲಿಂದ ಮುಂದಿನದು ಭಟ್ಟರ ಸಂಬಳದ ಬಗ್ಗೆ ಶೆಟ್ಟರು ಕೇಳಿದ ಪ್ರಶ್ನೆಗೆ ಉತ್ತರ. ದೇಶೀ ಅನಿಲ ಕುಸಿದಾಗ ರತ್ನಾಗಿರಿ ಕಂಪನಿ ಹೇಳಿತು: ಯಂತ್ರ ತಯಾರಿದೆ, ವಿದೇಶೀ ಅನಿಲ ತಂದು ಓಡಿಸುತ್ತೇವೆ, ಕರೆಂಟು ತೆಗೆದುಕೊಳ್ಳಿ. ರಾಜ್ಯದ ವಿತರಣಾ ಕಂಪನಿ ಮಹಾವಿತರಣ ಹೇಳಿತು: ಅಷ್ಟು ದುಬಾರಿ ಕರೆಂಟು ಬೇಡ, ಆ ಅನಿಲಕ್ಕೆ ನಾವು ಒಪ್ಪಿಗೆಯನ್ನೇ ಕೊಟ್ಟಿಲ್ಲ. ಕಂಪನಿ ಹೇಳಿತು: ಬೇಡದಿದ್ದರೆ ಬಿಡಿ, ತಯಾರಿದ್ದುದಕ್ಕೆ ಸ್ಥಿರ ಶುಲ್ಕ ಕೊಡಿ. ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ 2013ರಲ್ಲಿ ಕಂಪನಿಯ ಪರ ತೀರ್ಪು ಕೊಟ್ಟಿತು. ಮೇಲ್ಮನವಿ ನ್ಯಾಯಮಂಡಳಿ 2015ರಲ್ಲಿ ಅದನ್ನೇ ಎತ್ತಿಹಿಡಿಯಿತು. 2023ರ ನವೆಂಬರ್ 9ರಂದು ಸುಪ್ರೀಂ ಕೋರ್ಟ್ ಮಹಾವಿತರಣದ ಮೇಲ್ಮನವಿಯನ್ನು ವಜಾ ಮಾಡಿತು. ಕಾನೂನಿನ ಪ್ರಕಾರ ಸರಿಯೇ ಇರಬಹುದು; ಸಹಿ ಹಾಕಿದ್ದು ನಾವು. ಉರಿಯದ ಅನಿಲದಿಂದ ಹುಟ್ಟದ ಕರೆಂಟು ಬಾರದ ಮನೆಯವರು ಅದಕ್ಕೆ ಕೊಡಬೇಕಾದ ಬಾಕಿಯ ಬಗ್ಗೆ ಹತ್ತು ವರ್ಷ ವಾದ ನಡೆಯಿತು, ಬಾಕಿ ಗೆದ್ದಿತು.

ನ್ಯಾಯವಾಗಿ ಹೇಳಬೇಕೆಂದರೆ ದಾಭೋಳ್ ಪೂರ್ತಿ ನಿದ್ದೆಯನ್ನೇ ಮಾಡಿದೆ ಎನ್ನುವಂತಿಲ್ಲ. 2015ರ ನವೆಂಬರ್‌ನಿಂದ ಕೆಲವು ವರ್ಷ ಅದರ ಕರೆಂಟನ್ನು ರೈಲ್ವೆ ಕೊಂಡಿತು. ಡೊಂಬಿವಲಿ ಸ್ಟೇಷನ್ನಿನಲ್ಲಿ ಬೆಳಗಿನ ಫಾಸ್ಟ್ ಲೋಕಲ್‌ನ ಬಾಗಿಲಿಗೆ ಜೋತು ಬಿದ್ದವರನ್ನು ಘಾಟ್ಕೋಪರ್‌ಗೆ, ದಾದರ್‌ಗೆ ಒಯ್ದದ್ದರಲ್ಲಿ ಎನ್ರಾನ್ ಕಟ್ಟಿಸಿದ ಯಂತ್ರಗಳ ಪಾಲೂ ಇತ್ತು. ಅಷ್ಟಾದರೂ ಸಾರ್ಥಕವಾಯಿತಲ್ಲ ಎನ್ನುವಷ್ಟರಲ್ಲಿ, 2022ರ ಹೊತ್ತಿಗೆ, ಆ ಒಪ್ಪಂದದ ಅವಧಿಯೂ ಮುಗಿಯಿತು. ಇನ್ನು ಅನಿಲದ ಹಡಗು ಇಳಿಯುವ ಕಟ್ಟೆ 2013ರಲ್ಲಿ ಕೆಲಸಕ್ಕೆ ಬಂತು, ಆದರೆ ಅಲೆ ತಡೆಯುವ ಗೋಡೆ ಪೂರ್ತಿಯಾಗದೆ ವರ್ಷಗಟ್ಟಲೆ ಮಳೆಗಾಲದಲ್ಲಿ ಅಲ್ಲಿಗೆ ಹಡಗು ಬರುವಂತಿರಲಿಲ್ಲ. ಕೊಂಕಣದಲ್ಲಿ ಮಳೆಗಾಲ ಬರುತ್ತದೆಂಬ ಸುದ್ದಿ ಯೋಜನೆ ಬರೆದವರಿಗೆ ತಡವಾಗಿ ತಲುಪಿರಬೇಕು.

ಮರಾಠಿ ಬಂಧುಗಳನ್ನು ನೋಡಿ ನಾವು ಕನ್ನಡಿಗರು ನಗುವ ಹಾಗಿಲ್ಲ. ಮಂಗಳೂರಿನ ತಣ್ಣೀರುಬಾವಿಯಲ್ಲಿ 2001ರಲ್ಲಿ ಜಿಎಂಆರ್‌ನವರ 220 ಮೆಗಾವಾಟ್ ಸ್ಥಾವರವೊಂದು ದೋಣಿಯ ಮೇಲೆ ತೇಲುತ್ತಾ ಬಂದು ನಿಂತಿತ್ತು, ನೆನಪಿದೆಯೇ? ದೊಡ್ಡ ಬಾರ್ಜಿನ ಮೇಲೆ ಕಟ್ಟಿದ್ದು, ನಾಫ್ತಾ ಉರಿಸುತ್ತಿದ್ದದ್ದು. ಗೋದಾವರಿ ಕಣಿವೆಯಲ್ಲಿ ಅನಿಲ ಸಿಕ್ಕಿತೆಂದು ಕೇಳಿ ಅದು ಮಂಗಳೂರು ಬಿಟ್ಟು ಅರಬ್ಬೀ ಸಮುದ್ರದಿಂದ ಬಂಗಾಳ ಕೊಲ್ಲಿಗೆ ಸುತ್ತುಹಾಕಿ 2010ರ ಹೊತ್ತಿಗೆ ಕಾಕಿನಾಡ ಸೇರಿತು. ಸೇರಿದ ಸ್ವಲ್ಪ ಕಾಲಕ್ಕೆ ಅಲ್ಲಿ ಅನಿಲ ಮುಗಿಯಿತು. ಅನಿಲ ಹುಡುಕಿಕೊಂಡು ಊರು ಬಿಟ್ಟ ಸ್ಥಾವರ ಅದೊಂದೇ ಇರಬೇಕು. ಹೊಟ್ಟೆಪಾಡಿಗೆ ಊರು ಬಿಟ್ಟು ಮುಂಬಯಿ ಸೇರಿದ ದಕ್ಷಿಣ ಕನ್ನಡದವರಿಗೆ ಅದರ ಸಂಕಟ ಅರ್ಥವಾಗುತ್ತದೆ. ಬಿಡದಿಯಲ್ಲಿ ದೊಡ್ಡ ಅನಿಲ ಸ್ಥಾವರ ಬರುತ್ತದೆ ಎಂಬ ಘೋಷಣೆ ಎಷ್ಟು ಸರ್ಕಾರಗಳ ಬಾಯಲ್ಲಿ ಬಂತು ಎಂದರೆ, ಅದು ಕಟ್ಟದೆಯೇ ಹಳೆಯದಾಯಿತು. ಕಡೆಗೆ ಕರ್ನಾಟಕದ ಮೊದಲ ಅನಿಲ ವಿದ್ಯುತ್ ಸ್ಥಾವರವಾಗಿ ಯಲಹಂಕದ 370 ಮೆಗಾವಾಟ್ ಯೋಜನೆ 2024ರ ಸೆಪ್ಟೆಂಬರ್‌ನಲ್ಲಿ ಉದ್ಘಾಟನೆಯಾಯಿತು. ಅದಕ್ಕೆ ಅನಿಲ ಬರುವ ದಾರಿ ಯಾವುದು ಗೊತ್ತೇ? ಬೆಳಗಾವಿ ಕಡೆಯಿಂದ ರಾಜ್ಯದೊಳಕ್ಕೆ ಬರುವ, ಸುಮಾರು ಸಾವಿರ ಕಿಲೋಮೀಟರ್ ಉದ್ದದ ದಾಭೋಳ್ ಬೆಂಗಳೂರು ಕೊಳವೆ. ಗಡಿಯ ವಿಷಯದಲ್ಲಿ ಎರಡು ರಾಜ್ಯಗಳು ಕೋರ್ಟಿನಲ್ಲಿ ಜಗಳವಾಡುತ್ತಿರುವಾಗ ಬೆಳಗಾವಿಯ ನೆಲದಡಿಯಲ್ಲಿ ಗೇಲ್‌ನ ಕೊಳವೆ ಯಾರ ಅನುಮತಿಯನ್ನೂ ಕೇಳದೆ ಮರಾಠಿಯಿಂದ ಕನ್ನಡಕ್ಕೆ ಹರಿಯುತ್ತಿದೆ.

ಹಾಗಾದರೆ ಈ ಅನಿಲ ಸ್ಥಾವರಗಳೇ ದಂಡವೇ? ಅಲ್ಲ. ಸಿಟ್ಟು ಬರುವುದೇ ಅಲ್ಲಿ.

ಗ್ಯಾಸ್ ಟರ್ಬೈನ್ ಎಂದರೆ ವಿಮಾನದ ಎಂಜಿನ್ನಿನ ಜಾತಿಯ ಯಂತ್ರ. ಗಾಳಿಯನ್ನು ಒತ್ತಿ, ಅನಿಲ ಬೆರೆಸಿ ಉರಿಸಿ, ಆ ರಭಸಕ್ಕೆ ಚಕ್ರ ತಿರುಗಿಸುತ್ತದೆ. ಹೊರಬೀಳುವ ಹೊಗೆಯೇ ಐನೂರು ಆರುನೂರು ಡಿಗ್ರಿ ಬಿಸಿ. ಅದನ್ನು ಚಿಮಣಿಗೆ ಬಿಡದೆ ನೀರು ಕಾಯಿಸಿ, ಹಬೆ ಮಾಡಿ, ಇನ್ನೊಂದು ಚಕ್ರ ತಿರುಗಿಸಿದರೆ ಅದು ಕಂಬೈನ್ಡ್ ಸೈಕಲ್. ಒಂದೇ ಇಂಧನಕ್ಕೆ ಎರಡು ಕೆಲಸ. ಹೊಸ ಯಂತ್ರಗಳು ಇಂಧನದ ಅರ್ಧಕ್ಕಿಂತ ಹೆಚ್ಚು ಶಕ್ತಿಯನ್ನು ಕರೆಂಟಾಗಿಸುತ್ತವೆ; ಕಲ್ಲಿದ್ದಲಿನ ಸಾಮಾನ್ಯ ಸ್ಥಾವರಕ್ಕೆ ಮೂರನೇ ಒಂದು ಭಾಗ ದಾಟುವುದೇ ಏದುಸಿರು. ಬೂದಿ ಇಲ್ಲ, ಇಂಗಾಲ ಕಲ್ಲಿದ್ದಲಿನ ಸುಮಾರು ಅರ್ಧ. ತಣ್ಣಗಾದ ಕಲ್ಲಿದ್ದಲು ಘಟಕವನ್ನು ಎಬ್ಬಿಸಲು ಗಂಟೆಗಟ್ಟಲೆ ಬೇಕು. ಗ್ಯಾಸ್ ಟರ್ಬೈನ್ ಅರ್ಧ ಗಂಟೆಯೊಳಗೆ ಎದ್ದು ನಿಲ್ಲಬಲ್ಲದು.

ಸೂರ್ಯ ಮುಳುಗುವ ಹೊತ್ತಿಗೆ ರಾಜಸ್ಥಾನದ, ಪಾವಗಡದ ಸೌರ ಫಲಕಗಳೆಲ್ಲ ಮನೆಗೆ ಹೊರಡುತ್ತವೆ. ಸರಿಯಾಗಿ ಅದೇ ಹೊತ್ತಿಗೆ ಥಾಣೆಯ ಘೋಡ್‌ಬಂದರ್ ರಸ್ತೆಯ ಮೂವತ್ತು ಮಹಡಿಗಳಲ್ಲಿ ಜನ ಮನೆಗೆ ಬಂದು ಏಸಿ ಹಾಕುತ್ತಾರೆ. ಏಳರಿಂದ ಹನ್ನೊಂದರವರೆಗಿನ ಆ ನಾಲ್ಕು ಗಂಟೆಯ ಅಂತರ ತುಂಬಲು ಬೇಕಾದದ್ದು ಇಂಥ, ಬೇಗ ಏಳುವ, ಪಕ್ಕದಲ್ಲೇ ಇರುವ ಯಂತ್ರ. ಆದರೆ ನಮ್ಮ ಖರೀದಿಯ ನಿಯಮಕ್ಕೆ ಪಕ್ಕ, ಬೇಗ ಎಂಬ ಪದಗಳು ಗೊತ್ತಿಲ್ಲ. ಅಗ್ಗ ಎಂಬ ಒಂದೇ ಪದ ಗೊತ್ತು. ಇಂಧನದ ಖರ್ಚು ಕಡಿಮೆ ಇದ್ದವರಿಗೆ ಮೊದಲ ಪಾಳಿ, ಹೆಚ್ಚಿದ್ದವರಿಗೆ ಕಡೆಯದು. ಉರಣ್‌ಗೆ ಸಿಗುವ ದೇಶೀ ಅನಿಲ ಅಗ್ಗ, ಆದ್ದರಿಂದ ಪಾಳಿ ಸಿಗುತ್ತದೆ, ಅನಿಲ ಸಾಲದು. ವಿದೇಶೀ ಅನಿಲ ಬೇಕಾದಷ್ಟು ಸಿಗುತ್ತದೆ, ಪಾಳಿ ಸಿಗದು. 2022ರಲ್ಲಿ ಉಕ್ರೇನ್ ಯುದ್ಧದಿಂದ ಆ ಅನಿಲದ ಬೆಲೆ ಆಕಾಶಕ್ಕೇರಿದ ಮೇಲಂತೂ ಸರದಿಯಲ್ಲಿ ನಿಲ್ಲುವುದೇ ನಾಚಿಕೆಯಾಯಿತು.

ಇದಕ್ಕೂ ಸರ್ಕಾರದ ಬಳಿ ಪರಿಹಾರ ಇದೆ. 2023ರ ಮಾರ್ಚ್‌ನಲ್ಲಿ ವಿದ್ಯುತ್ ವಿನಿಮಯ ಕೇಂದ್ರದಲ್ಲಿ ದುಬಾರಿ ಕರೆಂಟಿಗೆಂದೇ ಬೇರೆ ಅಂಗಡಿ ತೆರೆದರು. ಸಾಮಾನ್ಯ ಅಂಗಡಿಯಲ್ಲಿ ಆಗ ಯೂನಿಟ್ಟಿಗೆ ಹೆಚ್ಚೆಂದರೆ ಹನ್ನೆರಡು ರೂಪಾಯಿ; ಇಲ್ಲಿ ಐವತ್ತರವರೆಗೂ ಕೇಳಬಹುದಿತ್ತು. ಆಮೇಲೆ ಇಪ್ಪತ್ತಕ್ಕೆ ಇಳಿಸಿದರು. ಅದೂ ಸಾಲದೆಂದು 2024ರ ಬೇಸಿಗೆಯಲ್ಲಿ ವಿದ್ಯುತ್ ಕಾಯಿದೆಯ 11ನೇ ಸೆಕ್ಷನ್ ಹೊರಗೆ ಬಂತು: ಮೇ 1ರಿಂದ ಜೂನ್ 30ರವರೆಗೆ ದೇಶದ ಎಲ್ಲ ಅನಿಲ ಸ್ಥಾವರಗಳೂ ತಯಾರಿರತಕ್ಕದ್ದು. ಆ ಮೇ 30ರಂದು ದೇಶದ ಬೇಡಿಕೆ 2,50,000 ಮೆಗಾವಾಟ್ ಮುಟ್ಟಿತು. 2025ರಲ್ಲೂ ಬೇಸಿಗೆಗೆ ಇಂಥದೇ ಆದೇಶ. ವರ್ಷದಲ್ಲಿ ಹತ್ತು ತಿಂಗಳು ಒಲೆ ಹಚ್ಚದೆ ಕೂರಿಸಿದ ಭಟ್ಟರನ್ನು ಎರಡು ತಿಂಗಳು ಕಾನೂನಿನ ದಂಡ ತೋರಿಸಿ ಅಡುಗೆಗೆ ನಿಲ್ಲಿಸುವುದಕ್ಕೆ ದಿಲ್ಲಿಯಲ್ಲಿ ಇಂಧನ ನೀತಿ ಎಂದು ಹೆಸರು.

ಅನಿಲ ಹೋಗುತ್ತದೆ ಎಲ್ಲಿಗೆ? ದೂರ ಹುಡುಕಬೇಡಿ. ಡೊಂಬಿವಲಿ ಸ್ಟೇಷನ್ ಹೊರಗೆ ಹತ್ತಿರದ ಬಾಡಿಗೆಗೆ ಬರುವುದಿಲ್ಲ ಎಂದು ತಲೆಯಾಡಿಸುವ ರಿಕ್ಷಾದ ಸೀಟಿನಡಿಯಲ್ಲಿ ಅದು ಇದೆ. ದೇಶೀ ಅನಿಲದಲ್ಲಿ ಮೊದಲ ಪಾಲು ವಾಹನಕ್ಕೆ ಮತ್ತು ಮನೆಯ ಕೊಳವೆ ಗ್ಯಾಸಿಗೆ ಎಂದು 2014ರಿಂದ ನಿಯಮವಾಗಿದೆ. ಮಹಾನಗರ್ ಗ್ಯಾಸ್‌ನ ಹಳದಿ ಕೊಳವೆ ಥಾಣೆ, ಕಲ್ಯಾಣ್, ನವಿ ಮುಂಬಯಿಗಳ ಅಡುಗೆಮನೆಗೆ ಬಂದಿದೆ, ಸಿಲಿಂಡರ್ ಹೊತ್ತು ನಾಲ್ಕು ಮಹಡಿ ಹತ್ತುವ ಕಷ್ಟ ತಪ್ಪಿದೆ. ಅದರ ಬಗ್ಗೆ ನನ್ನ ತಕರಾರಿಲ್ಲ. ನಮ್ಮ ಮನೆಯ ಸಾರೂ ಅದರ ಮೇಲೆಯೇ ಕುದಿಯುತ್ತದೆ. ರಿಕ್ಷಾದ ಲೆಕ್ಕ ಬೇರೆ. ಅದರ ಪುಟ್ಟ ಎಂಜಿನ್ ಅನಿಲದ ಹೆಚ್ಚಿನ ಪಾಲನ್ನು ಬಿಸಿಯಾಗಿ ಬೀದಿಗೇ ಊದಿಬಿಡುತ್ತದೆ. ಅದೇ ಅನಿಲವನ್ನು ಒಳ್ಳೆಯ ಟರ್ಬೈನಿನಲ್ಲಿ ಉರಿಸಿ, ಆ ಕರೆಂಟಿನಿಂದ ಬ್ಯಾಟರಿ ರಿಕ್ಷಾ ಓಡಿಸಿದರೆ ಇನ್ನೂ ದೂರ ಹೋಗಬಹುದು. ಆದರೆ ಉರಣ್‌ಗೆ ಮತ ಇಲ್ಲ, ರಿಕ್ಷಾ ಯೂನಿಯನ್‌ಗೆ ಇದೆ. 2025ರ ನವೆಂಬರ್‌ನಲ್ಲಿ ಟ್ರಾಂಬೆಯಲ್ಲಿ ಗೇಲ್ ಕೊಳವೆಗೆ ಪೆಟ್ಟು ಬಿದ್ದು ಪಂಪುಗಳಲ್ಲಿ ಸಿಎನ್‌ಜಿ ನಿಂತಾಗ ಥಾಣೆಯಲ್ಲೂ ನವಿ ಮುಂಬಯಿಯಲ್ಲೂ ಮಾರುದ್ದ ಸಾಲು ನಿಂತು, ಟಿವಿ ಕ್ಯಾಮೆರಾಗಳು ಓಡಿ ಬಂದವು. ಉರಣ್ ವರ್ಷಾನುಗಟ್ಟಲೆ ಅದೇ ಸಾಲಿನಲ್ಲಿ ನಿಂತಿದೆ. ಒಂದು ಮೈಕೂ ಅದರ ಬಾಯಿಗೆ ಬಂದಿಲ್ಲ.

ಪಕ್ಕದಲ್ಲೇ ಕರೆಂಟು ಹುಟ್ಟುವುದಕ್ಕೆ ಎಷ್ಟು ಬೆಲೆ ಎಂದು 2020ರ ಅಕ್ಟೋಬರ್ 12ರ ಸೋಮವಾರ ಗೊತ್ತಾಯಿತು. ಬೆಳಿಗ್ಗೆ ಹತ್ತರ ಸುಮಾರಿಗೆ ಮುಂಬಯಿ, ಥಾಣೆ, ನವಿ ಮುಂಬಯಿ ಒಟ್ಟಿಗೆ ಕತ್ತಲಾದವು. ಭಿವಂಡಿ ಬಳಿಯ ಪಡಘಾದಿಂದ ಐರೋಲಿ ಪಕ್ಕದ ಕಲ್ವಾ ಉಪಕೇಂದ್ರಕ್ಕೆ ಬರುವ 400 ಕೆವಿ ಮಾರ್ಗಗಳಲ್ಲಿ ಒಂದು ಆಗಲೇ ಕೈಕೊಟ್ಟಿತ್ತು, ಉಳಿದದ್ದರ ಮೇಲೆ ಹೊರೆ ಬಿತ್ತು, ಒಂದರ ಹಿಂದೆ ಒಂದು ಕಳಚಿಕೊಂಡಿತು. ಲೋಕಲ್‌ಗಳು ಹಳಿಯ ಮೇಲೆ ನಿಂತವು. ಕೋವಿಡ್ ಕಾಲ, ಆಸ್ಪತ್ರೆಗಳು ಜನರೇಟರ್ ಮೇಲೆ ಉಸಿರಾಡಿದವು, ವಿಶ್ವವಿದ್ಯಾಲಯದ ಆನ್‌ಲೈನ್ ಪರೀಕ್ಷೆ ಮುಂದೆ ಹೋಯಿತು. ಹೊರಗಿನ ತಂತಿ ಸತ್ತರೆ ಮುಂಬಯಿ ತನ್ನೊಳಗಿನ ಉತ್ಪಾದನೆಯಿಂದ ದ್ವೀಪದಂತೆ ಪ್ರತ್ಯೇಕವಾಗಿ ಬದುಕಿಕೊಳ್ಳುವ ಏರ್ಪಾಡೊಂದಿತ್ತು. ಅಂದು ಒಳಗಿನ ಉತ್ಪಾದನೆ ಬೇಡಿಕೆಯ ಮುಂದೆ ಸಣ್ಣದಿತ್ತು. ಹೊರಗಿನ ಕರೆಂಟು ಅಗ್ಗವಲ್ಲವೇ? ದ್ವೀಪ ಮುಳುಗಿತು. ಸಹ್ಯಾದ್ರಿಯ ಬುಡದ ಟಾಟಾ ಜಲವಿದ್ಯುತ್ ಕೇಂದ್ರಗಳ ನೆರವಿನಿಂದ ಮತ್ತೆ ಜೀವ ಹಿಡಿಸಬೇಕಾಯಿತು.

ತನಿಖೆ? ಆಗಲೇಬೇಕಲ್ಲ. ಇಂಧನ ಸಚಿವ ನಿತಿನ್ ರಾವುತರು ವಿಧ್ವಂಸಕ ಕೃತ್ಯದ ಶಂಕೆ ಇದೆ ಎಂದರು. 2021ರ ಫೆಬ್ರುವರಿ ಕೊನೆಯಲ್ಲಿ ಅಮೆರಿಕದ ಪತ್ರಿಕೆಯೊಂದು ಚೀನಾದ ಹ್ಯಾಕರ್‌ಗಳ ಹೆಸರೆತ್ತಿತು. ರಾಜ್ಯದ ಗೃಹ ಸಚಿವ ಅನಿಲ್ ದೇಶಮುಖರು ಸೈಬರ್ ಪೊಲೀಸರ ವರದಿ ಹಿಡಿದು 14 ಟ್ರೋಜನ್, 8 ಜಿಬಿ ಲೆಕ್ಕವಿಲ್ಲದ ಮಾಹಿತಿ ಎಂದು ವಿವರ ಕೊಟ್ಟರು. ಕೇಂದ್ರ ಇಂಧನ ಸಚಿವ ಆರ್.ಕೆ. ಸಿಂಗ್ ಮರುದಿನವೇ, ಅದೆಲ್ಲ ಇಲ್ಲ, ಮನುಷ್ಯರ ತಪ್ಪು ಎಂದರು. ನಮ್ಮ ಗೇಟಿನ ಸಮಿತಿಯ ನಾಲ್ಕನೆಯ ಸದಸ್ಯರಿಗೆ ಅಂದಿನಿಂದ ಸೊಸೈಟಿಯಲ್ಲಿ ಗೌರವ ಹೆಚ್ಚಿದೆ. ಚೀನಾದ ಸುದ್ದಿಯ ಗದ್ದಲದಲ್ಲಿ, ನಗರದ ಹೊಸ್ತಿಲಲ್ಲಿ ಇರುವ ಅನಿಲ ಟರ್ಬೈನುಗಳನ್ನು ಹೊಟ್ಟೆ ತುಂಬಿಸಿ ಇಟ್ಟುಕೊಳ್ಳಬೇಕೇ ಬೇಡವೇ ಎಂಬ ಸಪ್ಪೆ ಪ್ರಶ್ನೆ ಕೇಳಲು ಯಾರಿಗೂ ಪುರಸೊತ್ತಾಗಲಿಲ್ಲ.

ಆಮೇಲೆ ತಂತಿಗಳನ್ನು ಹೆಚ್ಚಿಸಿದರು. ಖಾರ್‌ಘರ್‌ನಿಂದ ವಿಕ್ರೋಲಿಗೆ 400 ಕೆವಿ ಮಾರ್ಗ 2023ರಲ್ಲಿ ಬಂತು. ಒಳ್ಳೆಯದು. ಆದರೆ ಬೇಡಿಕೆಯೇನು ಸುಮ್ಮನೆ ಕೂತಿದೆಯೇ? ಐರೋಲಿ, ರಬಾಳೆ, ಮಹಾಪೆ, ಪನ್ವೇಲ್‌ಗಳಲ್ಲಿ ಕಿಟಕಿಗಳಿಲ್ಲದ ಡೇಟಾ ಸೆಂಟರ್ ಕಟ್ಟಡಗಳು ಎದ್ದಿವೆ. ಹಗಲೂ ರಾತ್ರಿ ಕರೆಂಟು ಕುಡಿಯುತ್ತವೆ. ನಮ್ಮ ಮದುವೆಯ ವಿಡಿಯೋ, ಮೊಮ್ಮಗನ ನಾಮಕರಣದ ಫೋಟೋ ತಣ್ಣಗಿರಬೇಕಲ್ಲ, ಅದಕ್ಕೆ. ಅವುಗಳ ಹಿತ್ತಿಲಲ್ಲಿ ಸಾಲುಸಾಲು ಡೀಸೆಲ್ ಜನರೇಟರ್. 2025ರ ಅಕ್ಟೋಬರ್‌ನಲ್ಲಿ ನವಿ ಮುಂಬಯಿಯ ವಿಮಾನ ನಿಲ್ದಾಣವೂ ಉದ್ಘಾಟನೆಯಾಯಿತು. ಮಧ್ಯಮ ವರ್ಗದವರ ಮನೆಯಲ್ಲಿ ಇನ್ವರ್ಟರ್, ಸೊಸೈಟಿಯ ಲಿಫ್ಟಿಗೆ ಡೀಸೆಲ್. ಅನಿಲ ಟರ್ಬೈನನ್ನು ದುಬಾರಿ ಎಂದು ಬದಿಗಿಟ್ಟ ಊರು ಅದಕ್ಕಿಂತ ಎರಡು ಪಟ್ಟು ದುಬಾರಿಯ ಡೀಸೆಲ್ ಕರೆಂಟನ್ನು ಮನೆಮನೆಯಲ್ಲಿ ತಾನೇ ತಯಾರಿಸಿಕೊಳ್ಳುತ್ತಿದೆ. ಈ ಲೆಕ್ಕ ಯಾವ ಆಯೋಗದ ಕಡತಕ್ಕೂ ಹೋಗುವುದಿಲ್ಲ. ಅದು ಮೇಂಟೆನೆನ್ಸ್ ಬಿಲ್ಲಿನಲ್ಲಿ ಬರುತ್ತದೆ, ಅದನ್ನು ನಾವು ಸೆಕ್ರೆಟರಿಯ ಜೊತೆ ಜಗಳವಾಡಿ ಮುಗಿಸುತ್ತೇವೆ.

ನನ್ನ ತೀರ್ಮಾನ ಇಷ್ಟೇ. ಅನಿಲ ಸ್ಥಾವರವನ್ನು ಹಗಲಿರುಳು ಓಡಿಸಲು ಹೊರಟದ್ದು ದಾಭೋಳ್‌ನ ಮೂರ್ಖತನ. ಅದರ ಸಿಟ್ಟಿಗೆ ಉರಣನ್ನು ಉಪವಾಸ ಕೆಡವುವುದು ಇಂದಿನ ಮೂರ್ಖತನ. ಸಂಜೆಯ ಆ ನಾಲ್ಕು ಗಂಟೆಗಳ ಅವಧಿಗೆ, ತಂತಿ ಕಡಿದ ದಿನಕ್ಕೆ ಬೇಕಾಗುವಷ್ಟು ದೇಶೀ ಅನಿಲವನ್ನು ಉರಣ್‌ಗೆ ಮೀಸಲಿಡಬೇಕು, ಅದರ ಖರ್ಚನ್ನು ಬಿಲ್ಲಿನಲ್ಲಿ ಬಹಿರಂಗವಾಗಿ ಬರೆಯಬೇಕು. ಉರಿಯದ ಸ್ಥಾವರಕ್ಕೆ ಗುಟ್ಟಾಗಿ ಕೊಡುವ ಬದಲು ಉರಿಯುವುದಕ್ಕೆ ರಾಜಾರೋಷವಾಗಿ ಕೊಡೋಣ.

ಮಹಾರಾಷ್ಟ್ರ ವಿದ್ಯುತ್ ನಿಯಂತ್ರಣ ಆಯೋಗ ದರ ಏರಿಸುವ ಮುನ್ನ ಸಾರ್ವಜನಿಕ ವಿಚಾರಣೆ ನಡೆಸುತ್ತದೆ, ನವಿ ಮುಂಬಯಿಯಲ್ಲೂ ನಡೆಸುತ್ತದೆ. ಯಾರು ಬೇಕಾದರೂ ಆಕ್ಷೇಪಣೆ ಬರೆದುಕೊಟ್ಟು ಮಾತಾಡಬಹುದು. ಕೈಗಾರಿಕೆಯವರು ಬರುತ್ತಾರೆ, ನೇಕಾರರ ಪರವಾಗಿ ಬರುತ್ತಾರೆ, ರೈತರ ಪರವಾಗಿ ಬರುತ್ತಾರೆ. ಡೊಂಬಿವಲಿಯ ಗೇಟಿನ ಸಮಿತಿಯವರೇ, ಕಲ್ಯಾಣದ ಶಿಕ್ಷಕರೇ, ಥಾಣೆಯ ಬ್ಯಾಂಕಿನವರೇ, ವಾಶಿಯ ಶೆಟ್ಟರೇ, ಮುಂದಿನ ಸಲ ನೀವೂ ಹೋಗಿ. ನಮಗೆ ಮರಾಠಿ ಚೆನ್ನಾಗಿಯೇ ಬರುತ್ತದೆ. ಹಿಂದಿನ ಮೇ ತಿಂಗಳಲ್ಲಿ ಸಂಜೆ ಏಳರಿಂದ ಹನ್ನೊಂದರವರೆಗೆ ಉರಣ್‌ನ 672ರಲ್ಲಿ ಎಷ್ಟು ಮೆಗಾವಾಟ್ ಓಡಿತು, ಓಡದ ಪಾಲಿನ ಹಣ ನನ್ನ ಬಿಲ್ಲಿನ ಯಾವ ಸಾಲಿನಲ್ಲಿದೆ ಎಂದು ಕೇಳಿ. ಉತ್ತರವನ್ನು ಬರವಣಿಗೆಯಲ್ಲೇ ಕೊಡಿ ಎನ್ನಿ.